ಟವಲಿನ ಕೆಳಗಿನ ಡಿಗ್ರಿ

ದಾವಣಗೆರೆಯ ಹತ್ತಿ ಮಂಡಿಯಲ್ಲಿ ಇಪ್ಪತ್ತೈದು ವರ್ಷ ದಲಾಲಿ ಮಾಡಿ, ಒಂದು ವ್ಯಾಪಾರದಲ್ಲೂ ತಲೆ ತಗ್ಗಿಸದ ವಾಮದೇವಪ್ಪನಿಗೆ ಅರವತ್ತೆರಡನೇ ಇಸವಿಯ ಜೂನ್ ತಿಂಗಳಲ್ಲಿ ತನ್ನದೇ ಮನೆಯಲ್ಲಿ ಎಂಟು ದಿನ ಬಿಸಿ ರೊಟ್ಟಿ ಸಿಗಲಿಲ್ಲ. ರೊಟ್ಟಿ ತಟ್ಟುವವರೆಲ್ಲ ಮಾತಿಗೆ ಕೂತಿದ್ದರು. ಮಾತು ಮುಗಿದ ಮೇಲೆ ರೊಟ್ಟಿ, ಮಾತು ಮುಗಿಯುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಕಾಗದ. ಕಾಲೇಜಿನ ಅರ್ಜಿ ಫಾರಂ.

ಮಗಳು ಉಮಾಮಹೇಶ್ವರಿ ಪಿ.ಯು.ಸಿ.ಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದಳು. ವಾಮದೇವಪ್ಪ ಓದಿದ್ದು ನಾಲ್ಕನೇ ಇಯತ್ತೆ. ಅವನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇಲ್ಲಿಯವರೆಗೆ ಇಬ್ಬರೇ. ಒಬ್ಬಳು ಇವಳು, ಇನ್ನೊಬ್ಬ ಆ ಕಟ್ಟಡಕ್ಕೆ ಸುಣ್ಣ ಬಳಿಯಲು ಹೋಗಿದ್ದ ದೂರದ ಸಂಬಂಧಿ. ಅಂಥ ಮನೆಯಲ್ಲಿ ಈಗ ಡಿಗ್ರಿಯ ಮಾತು. ಡಿಗ್ರಿಗೆ ಯಾವುದಾದರೂ ಒಂದು ಮುಖ್ಯ ವಿಷಯ ಆರಿಸಬೇಕಂತೆ, ಅದನ್ನು ಫಾರಂನಲ್ಲಿ ಒಂದು ಗೆರೆಯ ಮೇಲೆ ಬರೆಯಬೇಕಂತೆ. ಬೆರಳುದ್ದದ ಆ ಗೆರೆಗಾಗಿ ಮನೆ ಎರಡು ಹೋಳಾಗಿ, ಆಮೇಲೆ ಮೂರು ಹೋಳಾಗಿ ನಿಂತಿತ್ತು.

ಗೆರೆಯನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ (ಹಾಗೆಂದು ವಾಮದೇವಪ್ಪ ತಿಳಿದಿದ್ದ). ಯಾಕೆಂದರೆ ಆ ಮನೆಯಲ್ಲಿ ಒಂದು ಪದ್ಧತಿ. ತೂಕದ ಕಾಗದ ಯಾವುದೇ ಬರಲಿ, ಹೊಲದ ಪತ್ರವಿರಲಿ, ಜಾತಕವಿರಲಿ, ಅದು ಮೊದಲು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಕೂರಬೇಕು. ಸೋಮವಾರ ಏರಿಸಿದ್ದನ್ನು ಮುಂದಿನ ಸೋಮವಾರವೇ ಇಳಿಸಬೇಕು. ನಡುವೆ ಮುಟ್ಟುವಂತಿಲ್ಲ, ಬಿಚ್ಚುವಂತಿಲ್ಲ. ಹೀಗೆ ಜಗಲಿ ಏರಿ ಇಳಿದ ಕಾಗದ ಇದುವರೆಗೆ ಒಂದೂ ಕೆಟ್ಟಿಲ್ಲ. (ಒಂದು ಜಾತಕ ಕೆಟ್ಟಿತ್ತು. ಅದು ಜೋಯಿಸರ ತಪ್ಪೆಂದು ತೀರ್ಮಾನವಾಗಿತ್ತು.) ಉಮಾ ಫಾರಂ ತಂದದ್ದು ಸೋಮವಾರ. ಅಂದು ಸಂಜೆ ವಾಮದೇವಪ್ಪ ಮಂಡಿಯಿಂದ ಬರುವಷ್ಟರಲ್ಲಿ ಹೆಂಡತಿ ಸರ್ವಮಂಗಳಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಜಗಲಿಗೆ ಏರಿಸಿಯಾಗಿತ್ತು. ಕಾಲೇಜಿಗೆ ಕೊಡಲು ಕೊನೆಯ ದಿನವೂ ಮುಂದಿನ ಸೋಮವಾರವೇ. ಶಿವನೇ ತಾರೀಖು ಹೊಂದಿಸಿದ್ದಾನೆ ಎಂದುಕೊಂಡ ವಾಮದೇವಪ್ಪ.

ಉಮಾಳನ್ನು ಕೇಳಿದರೆ ಆಯಿತಲ್ಲ ಎಂದು ನೀವು ಅನ್ನಬಹುದು. ಕೇಳಿದರು. ಕೇಳಿದವರಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು, "ನೀವೆಲ್ಲ ಹೆಂಗಂತೀರೋ ಹಂಗೆ." ಅವಳು ಅಪ್ಪನ ಮಗಳು. ವಾಮದೇವಪ್ಪ ಒಂದು ದಿನಕ್ಕೆ ಆಡುವ ಮಾತುಗಳನ್ನು ಒಂದು ಅಂಗೈಯಲ್ಲಿ ಹಿಡಿಯಬಹುದಿತ್ತು.

"ಈ ಮನೇಲಿ ಇಬ್ರು ಮಾತನ್ನ ತೂಕ ಹಾಕಿ ಕೊಡ್ತಾರೆ," ಎನ್ನುತ್ತಿದ್ದಳು ಸರ್ವಮಂಗಳಮ್ಮ. "ಅದಕ್ಕೇ ನಾವು ಹತ್ತಿ ಮೂಟೆ ಹಂಗೆ ಅಂಡಿಗೆಗಟ್ಲೆ ಸುರೀಬೇಕಾಗೈತೆ."

ಅವಳು ಸುರಿದದ್ದು ಇತಿಹಾಸದ ಪರವಾಗಿ. ಪಕ್ಕದ ಮನೆ ನಾಗರತ್ನಮ್ಮನ ಮಗಳು ಇತಿಹಾಸ ತೆಗೆದುಕೊಂಡಿದ್ದಳು. ಹಗುರ ಪುಸ್ತಕ, ಹಗುರ ಪರೀಕ್ಷೆ, ಸತ್ತುಹೋದ ರಾಜರು ಎದ್ದು ಬಂದು ಯಾವ ತೊಂದರೆಯನ್ನೂ ಕೊಡುವುದಿಲ್ಲ. ವಾಮದೇವಪ್ಪನ ತಾಯಿ ಕೊಟ್ರವ್ವ ಮೊದಲ ಮೂರು ದಿನ ಮೊಮ್ಮಗಳು ಡಾಕ್ಟರಾಗಬೇಕು ಅಂದಳು. ಅವಳ ಎಡ ಮೊಣಕಾಲಿಗೆ ಮನೆಯಲ್ಲೇ ಒಂದು ಡಾಕ್ಟರ್ ಬೇಕಿತ್ತು. ನಾಲ್ಕನೇ ದಿನ ಯಾರೋ ಬಂದು, ಆ ದಾರಿಯಲ್ಲಿ ಹೋದರೆ ಕಾಲೇಜಿನಲ್ಲಿ ಕಪ್ಪೆ ಕೊಯ್ಯಿಸುತ್ತಾರೆ ಎಂದು ಹೇಳಿ ಹೋದರು. ಕೊಟ್ರವ್ವ ಮೊಣಕಾಲನ್ನು ಒಮ್ಮೆ ಸವರಿಕೊಂಡಳು.

"ಕಪ್ಪೆ ಕೊಯ್ದ ಕೈಯಾಗ ಲಿಂಗ ಹಿಡೀಬೇಕಾ," ಎಂದಳು ಆಮೇಲೆ. "ನನ್ನ ಕಾಲು ಇದ್ದಂಗೇ ಇರ್ಲಿ ಬಿಡವ್ವ."

ವಾಮದೇವಪ್ಪ ಇದನ್ನೆಲ್ಲ ಕೇಳುತ್ತ ತಣ್ಣನೆಯ ರೊಟ್ಟಿ ಮುರಿಯುತ್ತಿದ್ದ. ಅವನ ಮನಸ್ಸಿನಲ್ಲೂ ಒಂದು ವಿಷಯವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅವನಿಗೆ ಮಗಳು ಸಸ್ಯಶಾಸ್ತ್ರ ಓದಬೇಕಿತ್ತು. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ, ಇದು ಹದಡಿಯ ಕಪ್ಪು ನೆಲದ್ದು, ಇದು ಬಾತಿ ಕಡೆಯ ಕೆಂಪು ನೆಲದ್ದು ಎಂದು ಹೇಳುವವನು ಅವನು. ಎರಡು ವರ್ಷದ ಹಿಂದೆ ಯಾರೋ ಒಬ್ಬ ಸಾಹೇಬರು ಮಂಡಿಗೆ ಬಂದು, ಗಾಜಿನ ಬಿಲ್ಲೆ ಹಿಡಿದು, ಅರ್ಧ ಗಂಟೆ ನೋಡಿ ಎಳೆಯ ಉದ್ದ ಹೇಳಿದ್ದರು. ವಾಮದೇವಪ್ಪ ಅದನ್ನು ಸಾಹೇಬರು ಚಾಳೀಸು ಒರೆಸಿಕೊಳ್ಳುವ ಹೊತ್ತಿಗೇ ಹೇಳಿ ಮುಗಿಸಿದ್ದ. ಆದರೆ ಗಿಡಕ್ಕೆ ಏನೋ ಉದ್ದನೆಯ ಹೆಸರು ಹೇಳಿ ಬರೆದುಕೊಂಡು ಹೋದವರು ಅವರು. ನನ್ನ ಬೆರಳು ಮತ್ತು ಆ ಉದ್ದನೆಯ ಹೆಸರು ಎರಡೂ ಒಬ್ಬಳಲ್ಲೇ ಸೇರಿದರೆ ಹೆಂಗಿರಬಹುದು ಎಂಬ ಆಸೆ ಅಂದಿನಿಂದ ಅವನ ಎದೆಯಲ್ಲಿ ಕೂತಿತ್ತು. ಅದರ ಜತೆಗೆ ಕಪ್ಪೆ ಕೊಯ್ಯುವುದೂ ಬಂದರೆ ಆಮೇಲೆ ನೋಡಿಕೊಂಡರಾಯಿತು. ಒಂದು ಕಪ್ಪೆಗೆ ಒಂದು ಅಭಿಷೇಕ.

ಭಾನುವಾರ ಬೆಳಗಿನ ರೈಲಿಗೆ ಹರಿಹರದಿಂದ ಸರ್ವಮಂಗಳಮ್ಮನ ತಮ್ಮ ಉಜ್ಜನಪ್ಪ ಬಂದ. ಅವನು ಅಲ್ಲಿ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ, ಎಸ್ಸೆಸ್ಸೆಲ್ಸಿ ಪಾಸಾಗಿದ್ದ, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದ. ಹೀಗಾಗಿ ಆ ಕುಟುಂಬದ ವಿದ್ಯಾಮಂತ್ರಿ ಅವನೇ. ಕಾಲಿಗೆ ನೀರು ಕೊಡುವ ಮೊದಲೇ ಅರ್ಥಶಾಸ್ತ್ರ ಎಂದ. ನೀರು ಕೊಟ್ಟ ಮೇಲೆ ಪಂಚವಾರ್ಷಿಕ ಯೋಜನೆ ಎಂದ. ಇನ್ನು ಹತ್ತು ವರ್ಷಕ್ಕೆ ದೇಶದಲ್ಲಿ ಅರ್ಥಶಾಸ್ತ್ರ ಬಾರದವರಿಗೆ ಉಪ್ಪಿಟ್ಟೂ ಹುಟ್ಟುವುದಿಲ್ಲ ಎಂದು ಎರಡು ತಟ್ಟೆ ಉಪ್ಪಿಟ್ಟು ತಿನ್ನುತ್ತ ವಿವರಿಸಿದ. ಫಾರಂ ಒಮ್ಮೆ ಕೊಡಿ, ಓದಿ ನೋಡುತ್ತೇನೆ ಎಂದು ಎದ್ದಾಗ ಮಾತ್ರ ಸರ್ವಮಂಗಳಮ್ಮ ದೇವರ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಸೋಮವಾರದ ತನಕ ಯಾರೂ ಮುಟ್ಟಂಗಿಲ್ಲ," ಎಂದಳು. "ನೀನು ಮಂತ್ರಿ ಆಗಿದ್ರೂ ಅಷ್ಟೇ."

ಹೆಂಡತಿಗೆ ಇಷ್ಟೊಂದು ಭಕ್ತಿ ಯಾವಾಗ ಬಂತು ಎಂದು ವಾಮದೇವಪ್ಪನಿಗೆ ಸಂತೋಷವೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಅಕ್ಕ ತಮ್ಮ ಇಬ್ಬರ ಗಂಟಲೂ ಕಟ್ಟಿತ್ತು. ಇತಿಹಾಸ ಅರ್ಥಶಾಸ್ತ್ರದ ಮೈಮೇಲೆ ಬೀಳುತ್ತಿತ್ತು, ಅರ್ಥಶಾಸ್ತ್ರ ಇತಿಹಾಸದ ತವರುಮನೆಯನ್ನೇ ಎತ್ತಿ ಆಡುತ್ತಿತ್ತು (ಇಬ್ಬರದೂ ಒಂದೇ ತವರು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ). ಆಗ ವಾಮದೇವಪ್ಪನಿಗೆ ಆ ಮಹಾ ಉಪಾಯ ಹೊಳೆಯಿತು. ಹೆಗಲ ಮೇಲಿನ ಟವಲು ತೆಗೆದು ಕೊಡವಿದ.

ಮಂಡಿಯಲ್ಲಿ ಹಳಬರ ವ್ಯಾಪಾರ ಹೇಗೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಬಾಯಲ್ಲಿ ದರ ಹೇಳುವಂತಿಲ್ಲ. ಇಬ್ಬರ ಕೈಮೇಲೂ ಒಂದು ಟವಲು ಮುಚ್ಚುತ್ತಾರೆ. ಅದರ ಕೆಳಗೆ ಒಬ್ಬನ ಬೆರಳನ್ನು ಇನ್ನೊಬ್ಬ ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ಐವತ್ತು ಜನ ನಿಂತಿದ್ದರೂ ಆ ದರ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಒಪ್ಪಿಗೆಯಾಯಿತೋ, ಟವಲು ಎಳೆಯುತ್ತಾರೆ. ಎಳೆದ ಗಳಿಗೆಯಲ್ಲಿ ಕೈಯಲ್ಲಿ ಎಷ್ಟು ಬೆರಳಿದ್ದವೋ ಅದೇ ಮಾತು. ಆಮೇಲೆ ಮನೆ ಮುಳುಗಿದರೂ ತಿರುಗಿಸುವಂತಿಲ್ಲ. ಟವಲು ಎಳೆದ ಮೇಲೆ ಮಾತು ಬದಲಿಸದವನು ಎಂದೇ ವಾಮದೇವಪ್ಪನಿಗೆ ಹರಿಹರದ ತನಕ ಹೆಸರು.

ಅವನು ತನ್ನ ಜೀವಮಾನದ ಉದ್ದನೆಯ ಭಾಷಣ ಮಾಡಿದ. "ಬಾಯಿ ಬ್ಯಾಡ. ಒಬ್ಬೊಬ್ರೇ ಬರ್ರಿ. ಒಂದು ಬೆರಳು ಇತಿಹಾಸ. ಎರಡು ಅರ್ಥಶಾಸ್ತ್ರ. ಮೂರು ಸಸ್ಯಶಾಸ್ತ್ರ. ನಾಲ್ಕು ಗಣಿತ. ಪೂರ್ತಿ ಕೈ ಹಿಡಿದ್ರೆ ಗೊತ್ತಿಲ್ಲ ಅಂತ."

ಗಣಿತವನ್ನು ಸೇರಿಸಿದ್ದು ಬೆರಳು ನಾಲ್ಕಿದ್ದವು ಎಂಬುದಕ್ಕೆ. ಉಮಾಳಿಗೆ ಅದರಲ್ಲಿ ನೂರಕ್ಕೆ ತೊಂಬತ್ತೆಂಟು ಬಂದಿತ್ತು. ಆದರೆ ಗಣಿತದ ಕ್ಲಾಸಿನಲ್ಲಿ ಒಬ್ಬ ಹುಡುಗಿಯೂ ಇಲ್ಲವೆಂದು ಉಜ್ಜನಪ್ಪ ಹಿಂದೊಮ್ಮೆ ಬಂದಾಗಲೇ ಹೇಳಿದ್ದರಿಂದ ಎಂಟು ದಿನದಲ್ಲಿ ಯಾರೂ ಅದರ ಸುದ್ದಿ ಎತ್ತಿರಲಿಲ್ಲ.

ಮೊದಲು ಉಜ್ಜನಪ್ಪ ಕೂತ. ಎರಡು ಗಂಟೆ ಅರ್ಥಶಾಸ್ತ್ರ ಕೂಗಿದವನ ಕೈ ಟವಲಿನ ಕೆಳಗೆ ಒದ್ದೆ ಒದ್ದೆಯಾಗಿತ್ತು. ಎರಡು ಬೆರಳು ಹಿಡಿದ, ಬಿಟ್ಟ, ಮೂರಕ್ಕೆ ಹೋದ, ಮತ್ತೆ ಎರಡಕ್ಕೆ ಬಂದ. ಹೊಸ ಗಿರಾಕಿ ಎಂದುಕೊಂಡ ವಾಮದೇವಪ್ಪ. ಆಮೇಲೆ ಕೊಟ್ರವ್ವ. ಅವಳು ಮಗನ ಕೈಯನ್ನು ಪೂರ್ತಿಯಾಗಿ ಹಿಡಿದು, ಬಿಡದೆ ಕೂತಳು. ಗೊತ್ತಿಲ್ಲ ಎಂದಾಯಿತು. ಸರ್ವಮಂಗಳಮ್ಮ ಒಲೆಯ ಮುಂದಿನಿಂದ ಹಿಟ್ಟಿನ ಕೈಯಲ್ಲೇ ಬಂದು, ಮುಖ ಆ ಕಡೆ ಮಾಡಿ, ನಾಲ್ಕು ಬೆರಳು ಹಿಡಿದಳು. ವಾಮದೇವಪ್ಪ ಹುಬ್ಬು ಏರಿಸಿದ. ಮತ್ತೆ ನಾಲ್ಕೇ ಹಿಡಿದಳು. ಎಂಟು ದಿನ ಇತಿಹಾಸ ಇತಿಹಾಸ ಎಂದವಳು. ಪಾಪ, ಲೆಕ್ಕ ತಿಳಿದಿಲ್ಲ, ರೊಟ್ಟಿ ಸೀಯುತ್ತದೆಂಬ ಅವಸರಕ್ಕೆ ಸಿಕ್ಕಿದ್ದನ್ನು ಹಿಡಿದಿದ್ದಾಳೆ ಎಂದು ಅವನು ಅದನ್ನು ತಳ್ಳಿಹಾಕಿದ.

ಕೊನೆಗೆ ಉಮಾ ಬಂದು ಮುಂದೆ ಕೂತಳು. ವಾಮದೇವಪ್ಪ ಟವಲು ಮುಚ್ಚಿದ.

ಕೈ ತಾಗಿದ ಕೂಡಲೇ ಅವನಿಗೆ ಏನೋ ಬೇರೆ ಅನ್ನಿಸಿತು. ಇದು ಒದ್ದೆ ಕೈಯಲ್ಲ, ಹಿಟ್ಟಿನ ಕೈಯಲ್ಲ. ಮಂಡಿಯ ಕೈ. ಅವಳು ತನ್ನ ಬೆರಳನ್ನು ಮುಂದೆ ಮಾಡಿ ಕಾಯಲಿಲ್ಲ, ನೇರವಾಗಿ ಅವನ ನಾಲ್ಕು ಬೆರಳು ಹಿಡಿದಳು. ವಾಮದೇವಪ್ಪ ಒಂದನ್ನು ಮೆಲ್ಲಗೆ ಬಿಡಿಸಿಕೊಂಡು ಮೂರು ಮಾಡಿದ. ನ್ಯಾಯವಾಗಿ ನೋಡಿದರೆ ಅವನು ಕೇಳಬೇಕಾದವನು, ಹೇಳಬೇಕಾದವನಲ್ಲ. ಆದರೆ ಟವಲಿನ ಕೆಳಗೆ ಕೈ ಹೋದ ಮೇಲೆ ಸುಮ್ಮನಿರುವ ದಲ್ಲಾಳಿ ಇನ್ನೂ ಹುಟ್ಟಿಲ್ಲ. ಅವಳು ಬಿಡಿಸಿಕೊಂಡ ಬೆರಳನ್ನು ಹುಡುಕಿ ತಂದು ಮತ್ತೆ ನಾಲ್ಕು ಮಾಡಿದಳು. ಅವನು ಮೂರು. ಅವಳು ನಾಲ್ಕು. ಅವನು ಮೂರು ಹಿಡಿದು ಸ್ವಲ್ಪ ಅಲುಗಿಸಿದ, ಮಂಡಿಯಲ್ಲಿ ಇದಕ್ಕೆ ನನ್ನ ಮಾತು ಕೇಳು, ನಷ್ಟವಾಗಲ್ಲ ಎಂದು ಅರ್ಥ. ಅವಳು ನಾಲ್ಕು ಹಿಡಿದು ಒಮ್ಮೆ ಒತ್ತಿದಳು. ಅದಕ್ಕೆ, ನನ್ನ ಮಾಲು ನನಗೆ ಗೊತ್ತು ಎಂದು ಅರ್ಥ.

ಟವಲಿನ ಮೇಲೆ ನೋಡಿದರೆ ಅಪ್ಪ ಮಗಳು ಇಬ್ಬರೂ ಗೋಡೆಯ ಮೇಲಿನ ಗಡಿಯಾರ ನೋಡುತ್ತ ಸುಮ್ಮನೆ ಕೂತಿದ್ದರು. ಉಜ್ಜನಪ್ಪನಿಗೆ ಆಕಳಿಕೆ ಬಂತು.

ವಾಮದೇವಪ್ಪ ಕೊನೆಯ ಪಟ್ಟು ಹಾಕಿದ. ಕೈ ಸಡಿಲ ಬಿಟ್ಟು, ಗಿರಾಕಿಯೇ ಬೇಸತ್ತು ಇಳಿಯುವವರೆಗೆ ಕಾಯುವ ಪಟ್ಟು. ಇದಕ್ಕೆ ಬಗ್ಗದವರನ್ನು ಅವನು ಕಂಡಿರಲಿಲ್ಲ. ಉಮಾ ಸಡಿಲವಾದ ಆ ನಾಲ್ಕು ಬೆರಳನ್ನು ಒಟ್ಟಾಗಿ ಹಿಡಿದಳು, ಇನ್ನೊಂದು ಕೈಯಿಂದ ಟವಲಿನ ತುದಿ ಹಿಡಿದು ಸರಕ್ಕನೆ ಎಳೆದಳು.

ಮತ್ತು ವಾಮದೇವಪ್ಪ, ಇಪ್ಪತ್ತೈದು ವರ್ಷದ ರೂಢಿ, ಟವಲು ಸರಿದ ಕೂಡಲೇ ಅವಳ ಅಂಗೈಗೆ ಅಂಗೈ ಬಡಿದು ಗಟ್ಟಿಯಾಗಿ, "ಮುಗೀತು," ಎಂದುಬಿಟ್ಟ.

ಆಮೇಲೆ ಅವನಿಗೆ ತಾನು ಏನಂದೆ ಎಂದು ತಿಳಿಯಿತು.

"ಏನು ಮುಗೀತು ಭಾವಾರೆ?" ಎಂದ ಉಜ್ಜನಪ್ಪ. "ಯಾವುದಾತು?"

"ಗಣಿತ," ಎಂದ ವಾಮದೇವಪ್ಪ.

ಉಜ್ಜನಪ್ಪ ಎದ್ದೇ ನಿಂತ. ಹೆಣ್ಣುಮಗಳು, ಗಂಡುಹುಡುಗರೇ ತುಂಬಿದ ಕ್ಲಾಸು, ನಾಳೆ ಸಂಬಂಧ ನೋಡುವವರು ಏನಂದಾರು, ಪಂಚವಾರ್ಷಿಕ ಯೋಜನೆ ಏನಂದೀತು ಎಂದು ಶುರು ಮಾಡಿದ. ವಾಮದೇವಪ್ಪ ಟವಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ.

"ಟವಲು ಎಳದೈತೆ ಉಜ್ಜನಪ್ಪ," ಎಂದ. ಅಷ್ಟೇ. ಉಜ್ಜನಪ್ಪ ಕೂತ.

ಅಂದು ಸಂಜೆಯ ತನಕ ವಾಮದೇವಪ್ಪನಿಗೆ ಮೈಯೆಲ್ಲ ಮುನಿಸು. ಸಸ್ಯಶಾಸ್ತ್ರ ಹೋಯಿತು ಎಂಬುದಕ್ಕಿಂತ ಸೋತೆ ಎಂಬುದಕ್ಕೆ. ಎಲ್ಲಿ ಕಲಿತಳು ಇದನ್ನು ಎಂದು ಯೋಚಿಸುತ್ತ ಅಂಗಳದಲ್ಲಿ ಓಡಾಡಿದ. ಆಗ ನೆನಪಾಯಿತು. ಆರೇಳು ವರ್ಷದವಳಿದ್ದಾಗ ಶಾಲೆ ಬಿಟ್ಟವಳು ನೇರ ಮಂಡಿಗೇ ಬರುತ್ತಿದ್ದಳು. ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಏರಿ ಕೂರುತ್ತಿದ್ದಳು. ತೂಕ ಮಾಡುವ ಮಕ್ತುಮ್ ಸಾಬ್ ಅವಳಿಗೆ ಬೆರಳ ಲೆಕ್ಕ ಹೇಳಿಕೊಡುತ್ತಿದ್ದ. ಇದು ಹತ್ತರದು, ಇದು ನೂರರದು ಎಂದು. ಅವಳು ಲಂಗದ ಅಂಚಿನ ಕೆಳಗೆ ಕೈ ಬಚ್ಚಿಟ್ಟುಕೊಂಡು ಕೂಡಿಸುವ, ಕಳೆಯುವ ಲೆಕ್ಕವನ್ನೆಲ್ಲ ಬೆರಳಲ್ಲೇ ಮಾಡಿ, ಉತ್ತರಕ್ಕೆ ಮಾತ್ರ ಬಾಯಿ ಬಿಡುತ್ತಿದ್ದಳು. ಮಂಡಿಯವರೆಲ್ಲ ನಗುತ್ತಿದ್ದರು.

ಅಂದರೆ ಈ ಗಣಿತ ಹುಟ್ಟಿದ್ದು ಕಾಲೇಜಿನಲ್ಲಲ್ಲ. ತನ್ನ ಅಂಡಿಗೆಗಳ ಮೇಲೆ. ತಾನು ಹತ್ತಿಯನ್ನು ಅವಳ ಕೈಗೆ ಹಾಕಬೇಕೆಂದು ಕಾಯುತ್ತಿದ್ದರೆ, ಅವಳು ಬೆರಳನ್ನೇ ತೆಗೆದುಕೊಂಡು ಹೋಗಿದ್ದಳು. ಮುನಿಸು ಇಳಿದ ಜಾಗದಲ್ಲಿ ಇನ್ನೇನೋ ಉಬ್ಬತೊಡಗಿತು. ಊಟಕ್ಕೆ ಕೂತಾಗ ವಾಮದೇವಪ್ಪ ಒಂದು ರೊಟ್ಟಿ ಹೆಚ್ಚು ತಿಂದ. ಬಿಸಿಯಾಗಿತ್ತು.

ಸೋಮವಾರ ಮಿಂದು, ಪೂಜೆ ಮಾಡಿ, ಫಾರಂ ಇಳಿಸಿ, ಬಿಚ್ಚದೆ ಜೇಬಿಗಿಟ್ಟುಕೊಂಡ. ರೇಷ್ಮೆ ಅಂಚಿನ ರುಮಾಲು ಸುತ್ತಿದ. ಕಾಲೇಜಿನ ದಾರಿಯಲ್ಲಿ ನೆನಪಾಗಿ, ಅಲ್ಲಿ ಬರೆಯಲು ಪೆನ್ನು ತಂದಿದ್ದೀಯಾ ಎಂದು ಮಗಳನ್ನು ಕೇಳಿದ. ಬೇಕಾಗಲ್ಲ ಅಪ್ಪಾಜಿ ಎಂದಳು. ಕಾಲೇಜಿನವರೇ ಕೊಡುತ್ತಾರೇನೋ ಎಂದುಕೊಂಡ. ದೊಡ್ಡ ಸಂಸ್ಥೆ.

ಗಣಿತದ ಮೇಷ್ಟ್ರು ವಯಸ್ಸಾದವರು, ಬೇಸತ್ತವರು. ಬೆಳಗಿನಿಂದ ಹುಡುಗರ ಸಾಲು. ಒಬ್ಬ ಅಣ್ಣ ಹೇಳಿದ ಎಂದು ಬಂದವನು, ಒಬ್ಬ ಗೆಳೆಯ ತೆಗೆದುಕೊಂಡ ಎಂದು ಬಂದವನು, ಒಬ್ಬನಿಗೆ ತಾನು ಯಾವ ಸಾಲಿನಲ್ಲಿ ನಿಂತಿದ್ದೇನೆ ಎಂಬುದೇ ಗೊತ್ತಿಲ್ಲ. ಇವರ ಸರದಿ ಬಂದಾಗ ಮೇಷ್ಟ್ರು ಉಮಾಳ ಅಂಕಪಟ್ಟಿ ನೋಡಿ ಕನ್ನಡಕ ಸರಿಮಾಡಿಕೊಂಡರು. ಇಷ್ಟು ಅಂಕ ಬಂದ ಹೆಣ್ಣುಮಕ್ಕಳನ್ನು ಮನೆಯವರೇ ಬೇರೆ ಕಡೆ ಎಳೆದುಕೊಂಡು ಹೋಗುತ್ತಾರೆ, ಈ ಮಗುವಿಗೆ ಇಷ್ಟು ಸರಿಯಾಗಿ ವಿಷಯ ಆರಿಸಿಕೊಟ್ಟವರು ಯಾರು ಎಂದು ಕೇಳಿದರು.

ವಾಮದೇವಪ್ಪ ಎದೆ ಮುಂದೆ ಮಾಡಿದ. "ನಾನೇ ಸರ್. ನಿನ್ನೆ ಮಧ್ಯಾಹ್ನ. ಕೈ ಹಿಡಿದು ಕೂತು ಆರಿಸಿದೆ."

ಮೇಷ್ಟ್ರು ತಲೆದೂಗುತ್ತ ಫಾರಂ ಬಿಚ್ಚಿದರು. ವಿಭೂತಿ ಮೇಜಿನ ಮೇಲೆಲ್ಲ ಉದುರಿತು. ಅವರು ಅದನ್ನು ಕೊಡವಿ ಓದಿದರು, ಆಮೇಲೆ ವಾಮದೇವಪ್ಪನ ಮುಖ ನೋಡಿದರು.

"ನಿನ್ನೆ ಆರಿಸಿದ್ರಾ?" ಎಂದರು. "ತುಂಬಿ ಎಂಟು ದಿನ ಆಗಿದೆಯಲ್ರೀ."

ವಾಮದೇವಪ್ಪ ಬಗ್ಗಿ ನೋಡಿದ. ಇಂಗ್ಲಿಷ್ ಅವನಿಗೆ ಬಾರದು. ಆದರೆ ಅಂಕಿಗಳನ್ನು ಅವನಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಫಾರಂ ತುಂಬ ದುಂಡನೆಯ ಅಕ್ಷರ, ಕೆಳಗೆ ತಾರೀಖು ಹನ್ನೊಂದು. ಇವತ್ತು ಹದಿನೆಂಟು. ಗೆರೆಯ ಮೇಲಿನ ಶಾಯಿ ಒಣಗಿ, ವಿಭೂತಿ ಕುಡಿದು, ಬೂದು ಬಣ್ಣಕ್ಕೆ ತಿರುಗಿತ್ತು. ಮನೆಯವರು ತುಂಬಬೇಕಾದ್ದರಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ತಂದೆಯ ಸಹಿಯದು.

ಅವನು ಮಗಳ ಕಡೆ ನೋಡಿದ. ಮಗಳು ಕಿಟಕಿಯ ಕಡೆ ನೋಡಿದಳು.

"ಮೊದ್ಲೇ ಬರ್ದಿದ್ಯಾ?"

"ಹೂಂ ಅಪ್ಪಾಜಿ."

"ಮತ್ತೆ ನಿನ್ನೆ ಟವಲಿನಾಗ ಕೂತಿದ್ದು ಯಾಕ?"

ಉಮಾ ಮಾತನ್ನು ತೂಕ ಹಾಕಿದಳು. "ಮಾಲು ಆಗಲೇ ಗೋದಾಮಿಗೆ ಹೋಗಿತ್ತು," ಎಂದಳು. "ನಿಮ್ಮ ಕೈ ಒಂದು ಬಾಕಿ ಇತ್ತು. ನೀವು ಒಪ್ಪದಿದ್ರೆ ಇವತ್ತು ಹರಿದು ಹಾಕ್ತಿದ್ದೆ."

ಮೇಷ್ಟ್ರು ತಮ್ಮ ಪೆನ್ನು ಮುಂದೆ ಮಾಡಿದರು. ವಾಮದೇವಪ್ಪ ಪೆನ್ನು ತೆಗೆದುಕೊಂಡು ರುಮಾಲು ಸರಿಮಾಡಿಕೊಂಡ. ಆಮೇಲೆ ಎಷ್ಟು ದೊಡ್ಡದಾಗಿ ಸಹಿ ಹಾಕಿದನೆಂದರೆ ಕೊನೆಯ ಎರಡಕ್ಷರ ಪ್ರಿನ್ಸಿಪಾಲರ ಜಾಗಕ್ಕೆ ಹೋಗಿ ಕೂತವು.

ಮನೆಗೆ ಬಂದವನು ರುಮಾಲನ್ನೂ ತೆಗೆಯದೆ ಅಡಿಗೆಮನೆಯ ಬಾಗಿಲಲ್ಲಿ ನಿಂತ. ಫಾರಂ ಜಗಲಿಗೆ ಏರುವ ಮೊದಲೇ ತುಂಬಿತ್ತು ಎಂಬುದು ಯಾರಿಗಾದರೂ ಗೊತ್ತಿತ್ತೇ ಎಂದು ಕೇಳಿದ. ಸರ್ವಮಂಗಳಮ್ಮ ರೊಟ್ಟಿ ತಿರುವಿ ಹಾಕಿದಳು.

"ಅವಳು ಬರೀವಾಗ ಶಾಯಿ ದೌತಿ ಹಿಡ್ಕಂಡು ಕೂತೋಳು ಯಾರಂತ ತಿಳ್ದೀರಿ," ಎಂದಳು. "ನಾನು ಇತಿಹಾಸ ಅಂತ ಕೂಗದಿದ್ರೆ ಯಾರಾದ್ರೂ ಬಿಡುವು ಸಿಕ್ತು ಅಂತ ಫಾರಂ ಬಿಚ್ಚಿ ನೋಡ್ತಿದ್ರು, ನಿನ್ನೆ ನನ್ನ ತಮ್ಮ ಎದ್ದೇಬಿಟ್ಟಿದ್ದ. ಎಂಟು ದಿನ ಗಂಟಲು ಹರ್ಕಂಡೀನಿ. ನಿನ್ನೆ ನಾಲ್ಕು ಬೆರಳು ಹಿಡಿದು ಹೇಳಿದ್ರೆ ನನ್ನ ಕಡೆ ಹುಬ್ಬು ಏರಿಸ್ತೀರಿ."

ವಾಮದೇವಪ್ಪ ಪಡಸಾಲೆಗೆ ಬಂದು ತಾಯಿಯ ಪಕ್ಕ ಕೂತ. ಈ ಮನೆಯಲ್ಲಿ ಗೊತ್ತಿಲ್ಲದಿದ್ದವರು ನಾವಿಬ್ಬರೇ ಆದೆವಲ್ಲವ್ವ ಎಂದ.

"ನನಗ್ಯಾಕ ಗೊತ್ತಿಲ್ಲ?" ಎಂದಳು ಕೊಟ್ರವ್ವ. "ಜಗಲಿಗೆ ಇಡೋ ಮುಂದ ವಿಭೂತಿ ಹಚ್ಚಿದೋಳು ನಾನು."

"ಮತ್ತೆ ಪೂರ್ತಿ ಕೈ ಹಿಡಿದ್ಯಲ್ಲ. ಅದು ಗೊತ್ತಿಲ್ಲ ಅಂತ."

"ಸೋಲ್ತಿ ಅಂತ ಗೊತ್ತಿತ್ತು ಮಗಾ," ಎಂದಳು ತಾಯಿ. "ಅದಕ್ಕೇ ಹಿಡ್ಕಂಡೆ."

ಮಂಡಿಯಲ್ಲಿ ವಾಮದೇವಪ್ಪ ಈ ಸಂಗತಿಯನ್ನು ಮುಚ್ಚಿಡಬಹುದಿತ್ತು. ಮರುದಿನವೇ ಮಕ್ತುಮ್ ಸಾಬನಿಗೆ ಹೇಳಿದ. ಟವಲು ಮುಚ್ಚಿದ್ದು, ಮೂರು ನಾಲ್ಕು ಎಳೆದಾಡಿದ್ದು, ಕೈ ಸಡಿಲ ಬಿಟ್ಟದ್ದು, ಎಲ್ಲವನ್ನೂ. ವರ್ಷಕ್ಕೆ ಆಡುವಷ್ಟು ಮಾತು ಒಂದೇ ಮಧ್ಯಾಹ್ನ ಖರ್ಚಾಯಿತು. ಇಪ್ಪತ್ತೈದು ವರ್ಷದಲ್ಲಿ ಒಂದೇ ವ್ಯಾಪಾರ ಸೋತಿದ್ದೇನೆ, ಅದೂ ಎಂಟು ದಿನ ಮೊದಲೇ ಸೋತಿದ್ದೇನೆ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ. ಗೆದ್ದ ವ್ಯಾಪಾರವನ್ನು ಅವನು ಎಂದೂ ಹೀಗೆ ಹೇಳಿಕೊಂಡವನಲ್ಲ.

ಕತೆ ಬಾಯಿಂದ ಬಾಯಿಗೆ ಹೋಗುತ್ತ ಅರ್ಧ ಉದುರಿಹೋಯಿತು. ಉಳಿದ ಅರ್ಧದ ಪ್ರಕಾರ ವಾಮದೇವಪ್ಪ ಕೈ ಹಿಡಿದು ನೋಡಿದರೆ ಮಕ್ಕಳು ಯಾವ ವಿಷಯ ಓದಬೇಕೆಂದು ಹೇಳುತ್ತಾನೆ. ಮುಂದಿನ ಜೂನಿಗೆ ಪಕ್ಕದ ಅಂಗಡಿಯ ಮೈಲಪ್ಪ ಬಂದು ಕೂತ. ಮಗ ಪಿ.ಯು.ಸಿ. ಪಾಸಾಗಿದ್ದಾನೆ, ಫಾರಂ ಮನೆಗೆ ಬಂದಿದೆ, ಮನೆಯಲ್ಲಿ ನಾಲ್ಕು ಜನಕ್ಕೆ ಐದು ಅಭಿಪ್ರಾಯ, ಹುಡುಗ ಮಾತ್ರ ಬಾಯಿ ಬಿಡುತ್ತಿಲ್ಲ, ಏನು ಮಾಡಲಿ ಎಂದ. ವಾಮದೇವಪ್ಪ ಹೆಗಲ ಮೇಲಿನ ಟವಲನ್ನು ತೆಗೆದ. ಮೈಲಪ್ಪ ಭಕ್ತಿಯಿಂದ ಕೈ ಮುಂದೆ ಚಾಚಿದ. ವಾಮದೇವಪ್ಪ ಟವಲಿನಿಂದ ನಿಧಾನವಾಗಿ ಮುಖ ಒರೆಸಿಕೊಂಡು, ಮತ್ತೆ ಹೆಗಲಿಗೆ ಹಾಕಿಕೊಂಡ.

"ಮನೆಗೆ ಹೋಗು," ಎಂದ. "ಮೊದ್ಲು ಫಾರಂ ಬಿಚ್ಚಿ ನೋಡು."